ರೇಡಿಯೇಟರ್ ಪಕ್ಕದ ತಿರುಗಣೆ: ಟಿಆರ್‌ವಿ ಕೂರಿಸುವುದು, ನೋಡಿಕೊಳ್ಳುವುದು

ಚಳಿ ಹಿಡಿದ ಕೋಣೆಗೆ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ, ಬಾಯ್ಲರಿನಲ್ಲಿ ಕಾದ ನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರ್ ಪಕ್ಕದ ತಿರುಗಣೆಯನ್ನು 5ರವರೆಗೆ ತಿರುಗಿಸುವುದು. ಬೇಗ ಬೆಚ್ಚಗಾಗಲಿ ಅಂತ. ಸ್ವಲ್ಪ ಹೊತ್ತಿಗೆ ಸೆಕೆ ಶುರುವಾಗುತ್ತದೆ. 1ಕ್ಕೆ ಇಳಿಸುತ್ತೇವೆ. ಮತ್ತೆ ಚಳಿ. ಮತ್ತೆ ಏರಿಸುತ್ತೇವೆ. ಆ ತಿರುಗಣೆಯನ್ನು ನಲ್ಲಿ ಅಂದುಕೊಂಡಿರುವುದೇ ಈ ಓಡಾಟಕ್ಕೆಲ್ಲ ಕಾರಣ.

ಅದರ ಹೆಸರು ಥರ್ಮೋಸ್ಟಾಟಿಕ್ ರೇಡಿಯೇಟರ್ ವಾಲ್ವ್. ಕೆಲಸದವರ ಬಾಯಲ್ಲಿ ಟಿಆರ್‌ವಿ. ಅದರ ಮೇಲಿನ ಅಂಕಿ ಕೋಣೆಯ ಬಿಸಿಯ ಲೆಕ್ಕ. ಸಾಮಾನ್ಯವಾಗಿ 3 ಅಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್. 2 ಅಂದರೆ 16ರ ಆಸುಪಾಸು, 4 ಅಂದರೆ 24ರ ಆಸುಪಾಸು. ಹಿಮದ ಹರಳಿನ ಗುರುತು ಇರುತ್ತದಲ್ಲ, ಅದು ಸುಮಾರು 7 ಡಿಗ್ರಿ. ಕೋಣೆ ಖಾಲಿ ಇದ್ದರೂ ಪೈಪಿನ ನೀರು ಹೆಪ್ಪುಗಟ್ಟಬಾರದು ಅಂತ ಇಟ್ಟಿರುವ ಕಾವಲು. ತಯಾರಕರಿಂದ ತಯಾರಕರಿಗೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ಹಾಗಾಗಿ 15 ಡಿಗ್ರಿ ಇರುವ ಕೋಣೆಯಲ್ಲಿ 3ಕ್ಕೆ ಇಟ್ಟರೂ 5ಕ್ಕೆ ಇಟ್ಟರೂ ವಾಲ್ವ್ ಹೆಚ್ಚುಕಡಿಮೆ ಪೂರ್ತಿ ತೆರೆದೇ ಇರುತ್ತದೆ. ಕೋಣೆ ಬಿಸಿಯಾಗುವ ವೇಗ ಒಂದೇ. 5ಕ್ಕೆ ಇಟ್ಟರೆ ಅದು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ, ಅಷ್ಟೇ.

ಒಳಗೆ ಏನಿದೆ

ಟಿಆರ್‌ವಿಯಲ್ಲಿ ಎರಡು ಭಾಗ. ಕೆಳಗೆ ಲೋಹದ ಬಾಡಿ. ಪೈಪಿಗೂ ರೇಡಿಯೇಟರಿಗೂ ಸೇರಿಕೊಂಡು, ನೀರು ಹರಿಯುವ ಭಾಗ ಇದು. ಇದರ ಮೇಲೆ ನಾವು ತಿರುಗಿಸುವ ಹೆಡ್. ಹೆಡ್‌ನ ಒಳಗೆ ಒಂದು ಪುಟ್ಟ ಡಬ್ಬಿ. ಅದರಲ್ಲಿ ಮೇಣವೋ, ದ್ರವವೋ, ಅನಿಲವೋ ತುಂಬಿರುತ್ತದೆ. ಸುತ್ತಲಿನ ಗಾಳಿ ಬೆಚ್ಚಗಾದಂತೆ ಇದು ಹಿಗ್ಗುತ್ತದೆ. ಹಿಗ್ಗಿ ಬಾಡಿಯ ತುದಿಯಲ್ಲಿರುವ ಒಂದು ಸಣ್ಣ ಪಿನ್ನನ್ನು ಒತ್ತುತ್ತದೆ. ಪಿನ್ ಕೆಳಗಿಳಿದರೆ ಅದರ ತುದಿಯ ಬಿಲ್ಲೆ ನೀರಿನ ದಾರಿಯನ್ನು ಮುಚ್ಚುತ್ತದೆ. ಗಾಳಿ ತಣ್ಣಗಾದರೆ ಡಬ್ಬಿ ಕುಗ್ಗುತ್ತದೆ, ಬಾಡಿಯೊಳಗಿನ ಸ್ಪ್ರಿಂಗ್ ಪಿನ್ನನ್ನು ಮೇಲಕ್ಕೆ ತಳ್ಳುತ್ತದೆ, ನೀರು ಮತ್ತೆ ಹರಿಯುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ, ವೈರ್ ಬೇಡ. ಡೆನ್ಮಾರ್ಕ್‌ನ ಮ್ಯಾಡ್ಸ್ ಕ್ಲಾಸೆನ್ 1943ರಲ್ಲಿ ಇದನ್ನು ರೂಪಿಸಿದರು. ಡ್ಯಾನ್‌ಫಾಸ್ ಕಂಪನಿ ಕಟ್ಟಿದವರೂ ಅವರೇ. ಮೂಲ ಉಪಾಯ ಇವತ್ತಿಗೂ ಅದೇ ಇದೆ. ಇಷ್ಟು ಸರಳವಾದ ಸಾಧನ ಇಷ್ಟು ಕಾಲ ಬಾಳಿದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಈ ವಾಲ್ವ್ ಕೆಲಸ ಮಾಡುವುದು ನಿಧಾನವಾಗಿ. ಅನಿಲ ತುಂಬಿದ್ದು ಬೇಗ ಸ್ಪಂದಿಸುತ್ತದೆ, ಮೇಣದ್ದು ಎಲ್ಲಕ್ಕಿಂತ ತಡ. ಯುರೋಪಿನ ಇಎನ್ 215 ಮಾನದಂಡದ ಪ್ರಕಾರ ಈ ಸ್ಪಂದನೆಗೆ 40 ನಿಮಿಷ ಮೀರಿ ಹಿಡಿಯಬಾರದು. ಅಂದರೆ ಬದಲಾಯಿಸಿ ಹತ್ತು ನಿಮಿಷಕ್ಕೆ ಏನೂ ಆಗಲಿಲ್ಲ ಅಂತ ಮತ್ತೆ ತಿರುಗಿಸುವುದು ಸುಮ್ನೆ. ಒಂದೆರಡು ಗಂಟೆ ಬಿಡಿ. ಅರ್ಧ ಅಂಕಿ ಏರಿಸಿ ಅಥವಾ ಇಳಿಸಿ. ಮತ್ತೆ ಬಿಡಿ.

ಇನ್ನೊಂದು ಮಾತು. ಈ ವಾಲ್ವ್ ಫಟ್ ಅಂತ ತೆರೆದು ಫಟ್ ಅಂತ ಮುಚ್ಚುವುದಿಲ್ಲ. 20 ಡಿಗ್ರಿ ಹತ್ತಿರವಾದಂತೆ ನೀರು ಸಣ್ಣಗಾಗುತ್ತಾ ಹೋಗುತ್ತದೆ. ಆಗ ರೇಡಿಯೇಟರ್ ಮುಟ್ಟಿದರೆ ಮೇಲ್ಭಾಗ ಬೆಚ್ಚಗೆ, ಕೆಳಭಾಗ ತಣ್ಣಗೆ. "ವಾಲ್ವ್ ಕೆಟ್ಟಿದೆ" ಅಂತ ಎಷ್ಟೋ ಜನ ಕರೆಯುವುದು ಇದೇ ಹೊತ್ತಿಗೆ. ಕೋಣೆ ಬೆಚ್ಚಗಿದೆಯಾ? ಹಾಗಾದರೆ ರೇಡಿಯೇಟರ್ ಅರ್ಧ ತಣ್ಣಗಿರುವುದೇ ಸರಿ.

ಹೆಡ್‌ಗೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿ ಮಾತ್ರ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತ ನಿಮಗೆ ಚಳಿಯಾಗುತ್ತಿದೆ ಅಂತ ಹೆಡ್‌ಗೆ ಗೊತ್ತಾಗುವುದಿಲ್ಲ. ತನ್ನ ಸುತ್ತ ಒಂದು ಗೇಣಿನಷ್ಟು ಗಾಳಿಯನ್ನು ನೋಡಿ ಅದು ತೀರ್ಮಾನ ಮಾಡುತ್ತದೆ. ಉದ್ದನೆಯ ಪರದೆ ಅದರ ಮೇಲೆ ಬಿದ್ದಿದ್ದರೆ ಪರದೆಯ ಹಿಂದೆ ಬಿಸಿ ಗಾಳಿ ನಿಲ್ಲುತ್ತದೆ. ಕೋಣೆಯೆಲ್ಲ ಬೆಚ್ಚಗಾಯಿತು ಅಂದುಕೊಂಡು ವಾಲ್ವ್ ಮುಚ್ಚುತ್ತದೆ. ರೇಡಿಯೇಟರಿಗೆ ಮರದ ಮುಚ್ಚಿಗೆ ಹಾಕಿದರೂ, ಸೋಫಾ ಒತ್ತಿ ಇಟ್ಟರೂ ಇದೇ ಕತೆ. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ನೇರವಾಗಿ ಹೆಡ್‌ಗೆ ಬಡಿದರೆ ಉಲ್ಟಾ. ಕೋಣೆ ಕುದಿಯುತ್ತಿದ್ದರೂ ಅದು ತೆರೆದೇ ಇರುತ್ತದೆ.

ಹಾಗಾಗಿ ಹೆಡ್ ಅಡ್ಡಲಾಗಿ, ಕೋಣೆಯ ಕಡೆಗೆ ಮುಖ ಮಾಡಿ ಇರುವುದು ಒಳ್ಳೆಯದು. ನೆಟ್ಟಗೆ ನಿಲ್ಲಿಸಿದರೆ ಬಿಸಿ ಪೈಪಿನಿಂದ, ಬಾಡಿಯಿಂದ ಏರುವ ಗಾಳಿ ಸೀದಾ ಅದಕ್ಕೇ ತಾಗುತ್ತದೆ. ನೆಟ್ಟಗೆ ಕೂರಿಸಲು ಅವಕಾಶವಿರುವ ತಯಾರಿಕೆಗಳೂ ಇವೆ, ಆದರೆ ಆಯ್ಕೆ ಇದ್ದಾಗ ನಾನು ಅಡ್ಡಲಾಗಿಯೇ ಇಡುತ್ತೇನೆ. ಪರದೆ, ಮುಚ್ಚಿಗೆ ತೆಗೆಯಲು ಆಗುವುದೇ ಇಲ್ಲ ಅನ್ನುವ ಕಡೆ ದೂರದ ಸೆನ್ಸರ್ ಇರುವ ಹೆಡ್ ಸಿಗುತ್ತದೆ. ಕೂದಲೆಳೆಯಂಥ ತಾಮ್ರದ ನಳಿಕೆಯ ತುದಿಯಲ್ಲಿ ಸೆನ್ಸರ್ ಇರುತ್ತದೆ. ಅದನ್ನು ಗೋಡೆಯ ಮೇಲೆ ತೆರೆದ ಜಾಗದಲ್ಲಿ ಕೂರಿಸಬಹುದು. ಆ ನಳಿಕೆಯನ್ನು ಮಡಚಿ ಮುರಿದರೆ ಹೆಡ್ಡೇ ಹೋಯಿತು, ಜೋಪಾನ.

ಕಿಟಕಿ ತೆರೆದು ಗಾಳಿಯಾಡಿಸುವಾಗ ತಿರುಗಣೆಯನ್ನು ಹಿಮದ ಗುರುತಿಗೆ ಇಳಿಸಿ. ಇಲ್ಲದಿದ್ದರೆ ತಣ್ಣನೆ ಗಾಳಿ ತಾಗಿ ವಾಲ್ವ್ ಪೂರ್ತಿ ತೆರೆದುಕೊಂಡು, ಬಿಸಿಯೆಲ್ಲ ಕಿಟಕಿಯಿಂದ ಆಚೆ ಹೋಗುತ್ತದೆ.

ಎಲ್ಲಿ ಹಾಕಬಾರದು ಅನ್ನುವುದೂ ಇದರ ಜೊತೆಗೇ ಬರುವ ಮಾತು. ಗೋಡೆಯ ಥರ್ಮೋಸ್ಟಾಟ್ ಇಡೀ ಮನೆಯ ಬಾಯ್ಲರನ್ನು ಆಳುತ್ತಿದ್ದರೆ, ಅದು ಇರುವ ಕೋಣೆಯ ರೇಡಿಯೇಟರಿಗೆ ಟಿಆರ್‌ವಿ ಹಾಕಬೇಡಿ. ಈಗಾಗಲೇ ಇದ್ದರೆ ಅದನ್ನು 5ರಲ್ಲೇ ಬಿಡಿ. ಇಬ್ಬರು ಯಜಮಾನರು ಒಂದೇ ಕೋಣೆಯಲ್ಲಿದ್ದರೆ ಜಗಳ ತಪ್ಪಿದ್ದಲ್ಲ. ಟಿಆರ್‌ವಿ 19 ಡಿಗ್ರಿಗೆ ರೇಡಿಯೇಟರ್ ಮುಚ್ಚಿಬಿಟ್ಟರೆ, 21ಕ್ಕೆ ಕಾಯುತ್ತಿರುವ ಗೋಡೆಯ ಥರ್ಮೋಸ್ಟಾಟ್ ಬಾಯ್ಲರನ್ನು ಉರಿಸುತ್ತಲೇ ಇರುತ್ತದೆ. ಹಾಗೆಯೇ ಮನೆಯ ಎಲ್ಲ ರೇಡಿಯೇಟರ್‌ಗಳೂ ಒಟ್ಟಿಗೆ ಮುಚ್ಚಿಕೊಂಡರೆ ಪಂಪ್ ನೀರನ್ನು ಎಲ್ಲಿಗೆ ತಳ್ಳಬೇಕು? ಅದಕ್ಕೇ ಒಂದು ರೇಡಿಯೇಟರಾದರೂ ಸದಾ ತೆರೆದಿರಬೇಕು, ಇಲ್ಲವೇ ನೀರಿಗೆ ಬದಲಿ ದಾರಿ ಕೊಡುವ ಬೈಪಾಸ್ ವಾಲ್ವ್ ಇರಬೇಕು.

ಹೆಡ್ ಮಾತ್ರ ಬದಲಿಸುವುದಾದರೆ

ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ನೀರು ಖಾಲಿ ಮಾಡಬೇಕಿಲ್ಲ, ಒಂದು ಹನಿಯೂ ಹೊರಗೆ ಬರುವುದಿಲ್ಲ. ಮೊದಲು ತಿರುಗಣೆಯನ್ನು 5ಕ್ಕೆ ತನ್ನಿ. ಆಗ ಪಿನ್ನಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಆಮೇಲೆ ಬುಡದ ಉಂಗುರವನ್ನು ಸಡಿಲಿಸಿದರೆ ಹೆಡ್ ಕೈಗೆ ಬರುತ್ತದೆ. ಹೊಸ ಹೆಡ್ಡನ್ನೂ 5ಕ್ಕೆ ತಿರುಗಿಸಿಯೇ ಕೂರಿಸಿ, ಉಂಗುರವನ್ನು ಕೈಯಲ್ಲೇ ಬಿಗಿ ಮಾಡಿ. 2ರಲ್ಲೋ 1ರಲ್ಲೋ ಇಟ್ಟು ಬಿಗಿ ಮಾಡಲು ಹೋದರೆ ಪಿನ್ ಅಡ್ಡ ಬಂದು ಉಂಗುರ ಪೂರ್ತಿ ಕೂರುವುದಿಲ್ಲ. ಬಿಗಿಯಾಗಲಿಲ್ಲ ಅಂತ ಸ್ಪ್ಯಾನರ್ ಹಾಕಿದರೆ ಥ್ರೆಡ್ ಹಾಳು.

ಕೊಳ್ಳುವ ಮುಂಚೆ ಜೋಡಣೆಯ ಅಳತೆ ನೋಡಿ. ಜಾಸ್ತಿ ಬಳಕೆಯಲ್ಲಿರುವುದು 30 ಮಿಲಿಮೀಟರ್ ಅಡ್ಡಳತೆ, 1.5 ಮಿಲಿಮೀಟರ್ ಅಂತರದ ಥ್ರೆಡ್. ಕೆಲವದರಲ್ಲಿ 28 ಮಿಲಿಮೀಟರ್. ಡ್ಯಾನ್‌ಫಾಸ್‌ನ ಹಲವು ಬಾಡಿಗಳಲ್ಲಿ ಥ್ರೆಡ್ಡೇ ಇಲ್ಲ, ಹೆಡ್ ಒತ್ತಿ ಹಿಡಿದುಕೊಳ್ಳುವ ರೀತಿ. ಹೊಂದದಿದ್ದರೆ ನಡುವೆ ಹಾಕುವ ಅಡಾಪ್ಟರ್ ಸಿಗುತ್ತದೆ.

ಬಾಡಿಯನ್ನೇ ಕೂರಿಸುವಾಗ

ಇದು ನೀರಿನ ಕೆಲಸ. ಬಾಯ್ಲರ್ ಆಫ್ ಮಾಡಿ, ವ್ಯವಸ್ಥೆ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಹೊಸ ನೀರು ತುಂಬುವ ದಾರಿಯನ್ನು ಮುಚ್ಚಿ. ಮೇಲೆ ಪುಟ್ಟ ತೊಟ್ಟಿ ಇರುವ ಹಳೇ ಪದ್ಧತಿಯಾದರೆ ಅದರ ತೇಲುಚೆಂಡು ಕೆಳಗಿಳಿಯದಂತೆ ಕಟ್ಟಿ, ಇಲ್ಲದಿದ್ದರೆ ನೀವು ಖಾಲಿ ಮಾಡಿದಷ್ಟೂ ಅದು ತುಂಬುತ್ತಲೇ ಇರುತ್ತದೆ. ಎಲ್ಲಕ್ಕಿಂತ ಕೆಳಗಿನ ನಲ್ಲಿಗೆ ಕೊಳವೆ ಸಿಕ್ಕಿಸಿ ನೀರು ಬಿಡಿ. ಮೇಲಿನ ರೇಡಿಯೇಟರ್‌ಗಳ ಗಾಳಿ ಬಿಡುವ ತಿರುಪುಗಳನ್ನು ತೆರೆದರೆ ನೀರು ಸರಾಗವಾಗಿ ಇಳಿಯುತ್ತದೆ. ನೆಲಕ್ಕೆ ದಪ್ಪ ಬಟ್ಟೆ ಹಾಸುವುದನ್ನು ಮರೆಯಬೇಡಿ. ರೇಡಿಯೇಟರಿನ ನೀರು ಕಪ್ಪಗಿರುತ್ತದೆ. ಕಬ್ಬಿಣ ತುಕ್ಕು ಹಿಡಿದು ಆಗುವ ಮ್ಯಾಗ್ನೆಟೈಟ್ ಅದು. ಜಮಖಾನದ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ.

ಹಳೇ ವಾಲ್ವ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕೇ ಬೇಕು. ಒಂದರಲ್ಲಿ ಬಾಡಿಯನ್ನು ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಿ. ಹಿಡಿಯದೆ ತಿರುಗಿಸಿದರೆ ಪೈಪೇ ತಿರುಚಿಕೊಳ್ಳುತ್ತದೆ. ವಾಲ್ವನ್ನು ರೇಡಿಯೇಟರಿಗೆ ಜೋಡಿಸುವ, ಅದರ ಒಳಗೇ ಉಳಿಯುವ ತುಂಡನ್ನು ಷಡ್ಭುಜ ಕೀಲಿ ಹಾಕಿ ಬಿಚ್ಚಬೇಕು. ಹೊಸ ವಾಲ್ವಿನ ತುಂಡು ಬೇರೆ, ಹಳೆಯದಕ್ಕೆ ಹೊಂದುತ್ತದೆ ಅಂತ ನಂಬಬೇಡಿ.

ಆ ತುಂಡಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಕು. ತುದಿಯನ್ನು ನಿಮ್ಮ ಕಡೆ ಹಿಡಿದುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ನೀರು ಸೋರುವ ಜಾಗಗಳಲ್ಲಿ ಇದೇ ಮುಖ್ಯವಾದದ್ದು, ಹಾಗಾಗಿ ಜಿಪುಣತನ ಬೇಡ, ಹತ್ತು ಸುತ್ತಾದರೂ ಇರಲಿ.

ಪೈಪಿನ ಕಡೆಯ ಜೋಡಣೆಗೆ ಟೇಪ್ ಬೇಡ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ಆಲಿವ್ ಅನ್ನುವ ಹಿತ್ತಾಳೆ ಅಥವಾ ತಾಮ್ರದ ಬಳೆ. ನಟ್ ಬಿಗಿಯಾದಂತೆ ಅದು ಪೈಪನ್ನು ಅಪ್ಪಿ ಹಿಡಿಯುತ್ತದೆ. ಹಳೇ ಆಲಿವ್ ಪೈಪಿಗೆ ಕಚ್ಚಿಕೊಂಡಿದ್ದರೆ ಸಣ್ಣ ಗರಗಸದಲ್ಲಿ ಓರೆಯಾಗಿ ಅರ್ಧ ಕೊಯ್ದು, ಸ್ಕ್ರೂಡ್ರೈವರ್ ತುದಿಯಿಂದ ತಿರುಚಿದರೆ ಬಿಚ್ಚುತ್ತದೆ. ಗರಗಸ ಪೈಪಿಗೆ ತಾಗಬಾರದು. ಗೀರಾದ ಪೈಪಿನ ಮೇಲೆ ಎಂಥ ಆಲಿವ್ ಕೂರಿಸಿದರೂ ಸೋರುತ್ತದೆ. ಹೊಸ ನಟ್, ಹೊಸ ಆಲಿವ್ ಹಾಕಿ, ಪೈಪ್ ಬಾಡಿಯೊಳಗೆ ತುದಿ ಮುಟ್ಟುವವರೆಗೆ ಹೋಗಿದೆಯಾ ನೋಡಿ, ಕೈಯಲ್ಲಿ ಬಿಗಿ ಮಾಡಿ. ಆಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತು ಸಾಕು. ಜಾಸ್ತಿ ಬಲ ಹಾಕಿದರೆ ಆಲಿವ್ ನಜ್ಜುಗುಜ್ಜಾಗುತ್ತದೆ. ಸೋರಿದರೆ ಇನ್ನೊಂದು ಕಾಲು ಸುತ್ತು ಹಾಕಬಹುದು, ಆದರೆ ಅತಿಯಾಗಿ ಬಿಗಿ ಮಾಡಿದ್ದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಪ್ಲಾಸ್ಟಿಕ್ ಪೈಪಾದರೆ ಒಳಗೆ ಗಟ್ಟಿ ನಳಿಕೆಯನ್ನು ಸೇರಿಸಲೇಬೇಕು.

ಇನ್ನು ಬಾಣ. ಬಾಡಿಯ ಮೇಲೆ ನೀರು ಹರಿಯುವ ದಿಕ್ಕಿನ ಬಾಣ ಇರುತ್ತದೆ. ಎರಡು ಕಡೆಗೂ ಬಾಣ ಇದ್ದರೆ ಹೇಗೆ ಕೂರಿಸಿದರೂ ಸರಿ. ಒಂದೇ ಬಾಣ ಇದ್ದರೆ ಅದನ್ನು ಪಾಲಿಸಲೇಬೇಕು. ನಾನು ಕೂರಿಸಿದ ಮೊದಲ ಕೆಲವು ವಾಲ್ವ್‌ಗಳಲ್ಲಿ ಒಂದು ಉಲ್ಟಾ ಆಗಿತ್ತು. ಹಗಲು ಏನೂ ಗೊತ್ತಾಗಲಿಲ್ಲ. ರಾತ್ರಿ ಕೋಣೆ ಬೆಚ್ಚಗಾಗುತ್ತಾ ಬಂದಾಗ ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಶುರುವಾಯಿತು. ಕಾರಣ ಇಷ್ಟೇ. ನೀರು ತಪ್ಪು ಕಡೆಯಿಂದ ಬಂದರೆ, ವಾಲ್ವ್ ಇನ್ನೇನು ಮುಚ್ಚಬೇಕು ಅನ್ನುವಾಗ ನೀರಿನ ರಭಸವೇ ಬಿಲ್ಲೆಯನ್ನು ಎಳೆದು ಮುಚ್ಚಿಬಿಡುತ್ತದೆ. ಸ್ಪ್ರಿಂಗ್ ಮತ್ತೆ ತೆರೆಯುತ್ತದೆ. ಮತ್ತೆ ಮುಚ್ಚುತ್ತದೆ. ಈ ಬಡಿತ ಪೈಪಿನುದ್ದಕ್ಕೂ ಕೇಳಿಸುತ್ತದೆ. ಅಂದಿನಿಂದ ಹಳೆಯದನ್ನು ಬಿಚ್ಚುವ ಮುಂಚೆಯೇ ತಣ್ಣಗಿರುವ ವ್ಯವಸ್ಥೆಯನ್ನು ಒಮ್ಮೆ ಚಾಲು ಮಾಡಿ, ಯಾವ ಪೈಪ್ ಮೊದಲು ಬಿಸಿಯಾಗುತ್ತದೆ ಅಂತ ಮುಟ್ಟಿ ನೋಡಿ ಗುರುತು ಹಾಕಿಕೊಳ್ಳುತ್ತೇನೆ. ಮೊದಲು ಬಿಸಿಯಾಗುವುದೇ ನೀರು ಬರುವ ಪೈಪ್.

ಮತ್ತೆ ನೀರು ತುಂಬುವಾಗ ತುಕ್ಕು ತಡೆಯುವ ದ್ರಾವಣ ಸೇರಿಸಿ, ಹಳೆಯದು ನೀರಿನ ಜೊತೆ ಹೋಗಿರುತ್ತದೆ. ಕೆಳಗಿನ ರೇಡಿಯೇಟರ್‌ಗಳಿಂದ ಶುರುಮಾಡಿ ಮೇಲಕ್ಕೆ ಗಾಳಿ ಬಿಡುತ್ತಾ ಬನ್ನಿ. ಮೇಲೆ ತೊಟ್ಟಿ ಇಲ್ಲದ ಮುಚ್ಚಿದ ವ್ಯವಸ್ಥೆಯಲ್ಲಿ ತಣ್ಣಗಿರುವಾಗ ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಜೋಡಣೆಗಳ ಕೆಳಗೆ ಒಣ ಕಾಗದ ಒತ್ತಿ ನೋಡಿ, ಕಣ್ಣಿಗೆ ಕಾಣದ ಹನಿಯೂ ಅದರಲ್ಲಿ ಕಾಣುತ್ತದೆ. ಒಮ್ಮೆ ಪೂರ್ತಿ ಬಿಸಿಯಾಗಿ, ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ಬಾಯ್ಲರಿನ ಮುಚ್ಚಳದ ಒಳಗೆ ಮಾತ್ರ ಕೈ ಹಾಕಬೇಡಿ, ಅದು ಪರವಾನಗಿ ಇರುವವರ ಕೆಲಸ.

ಎದುರು ತುದಿಯ ವಾಲ್ವ್

ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಟೋಪಿ ಹಾಕಿದ ಒಂದು ವಾಲ್ವ್ ಇರುತ್ತದೆ. ಅದು ಲಾಕ್‌ಶೀಲ್ಡ್. ಪಂಪಿನ ಹತ್ತಿರದ ರೇಡಿಯೇಟರ್ ನೀರನ್ನೆಲ್ಲ ತಾನೇ ಕುಡಿದು, ದೂರದ್ದು ಒಣಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಹೊಸ ಟಿಆರ್‌ವಿ ಹಾಕಿದರೂ ಕೊನೆಯ ಕೋಣೆ ಬೆಚ್ಚಗಾಗದಿದ್ದರೆ ತಪ್ಪು ಬಹುಪಾಲು ಇಲ್ಲಿರುತ್ತದೆ. ಹೆಡ್‌ಗಳನ್ನೆಲ್ಲ ತೆಗೆದು ವಾಲ್ವ್‌ಗಳು ಪೂರ್ತಿ ತೆರೆದಿರುವಾಗ, ಹತ್ತಿರದ ರೇಡಿಯೇಟರಿನ ಲಾಕ್‌ಶೀಲ್ಡನ್ನು ಜಾಸ್ತಿ ಮುಚ್ಚಿ, ದೂರ ಹೋದಂತೆ ಜಾಸ್ತಿ ತೆರೆಯಿರಿ. ಒಳಗೆ ಬರುವ ಪೈಪಿಗೂ ಹೊರಗೆ ಹೋಗುವ ಪೈಪಿಗೂ ಇರುವ ಬಿಸಿಯ ಅಂತರವನ್ನು ಅಳೆದು ಹೊಂದಿಸಬೇಕು. ಹಳೇ ಬಾಯ್ಲರ್‌ಗಳಿಗೆ ಸುಮಾರು 11 ಡಿಗ್ರಿ, ಹೊಗೆಯಲ್ಲಿ ಹೋಗುವ ಬಿಸಿಯನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್‌ಗೆ ಸುಮಾರು 20 ಡಿಗ್ರಿ ಅಂತರ ಇರುವಂತೆ ಹೊಂದಿಸುವುದು ವಾಡಿಕೆ. ಯಾವುದನ್ನು ಎಷ್ಟು ಸುತ್ತು ತೆರೆದಿರಿ ಅಂತ ಬರೆದಿಟ್ಟುಕೊಳ್ಳಿ. ಮುಂದೊಂದು ದಿನ ರೇಡಿಯೇಟರ್ ಇಳಿಸಬೇಕಾದಾಗ ಆ ಚೀಟಿ ಅರ್ಧ ದಿನದ ಕೆಲಸ ಉಳಿಸುತ್ತದೆ.

ಕೆಟ್ಟಾಗ ಎಲ್ಲಿ ನೋಡಬೇಕು

ಚಳಿಗಾಲದ ಮೊದಲ ವಾರ. ಬಾಯ್ಲರ್ ಉರಿಯುತ್ತಿದೆ, ಒಂದು ರೇಡಿಯೇಟರ್ ಮಾತ್ರ ತಣ್ಣಗಿದೆ. ಟಿಆರ್‌ವಿಗೆ ಬರುವ ಪೈಪ್ ಮುಟ್ಟಿ ನೋಡಿ. ಪೈಪ್ ಬಿಸಿ, ವಾಲ್ವ್ ದಾಟಿದರೆ ತಣ್ಣಗೆ. ಹಾಗಿದ್ದರೆ ಪಿನ್ ಸಿಕ್ಕಿಕೊಂಡಿದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿ ಬಿಟ್ಟ ವಾಲ್ವ್‌ಗಳ ಸಾಮಾನ್ಯ ಕಾಯಿಲೆ ಇದು.

ಹೆಡ್ ತೆಗೆಯಿರಿ. ನಡುವೆ ಪಿನ್ ಕಾಣುತ್ತದೆ. ಒಂದು ಚಪ್ಪಟೆ ಲೋಹ ಅಥವಾ ಮರದ ತುಂಡಿನಿಂದ ಮೆಲ್ಲಗೆ ಒತ್ತಿ. ಸರಿ ಇದ್ದರೆ ಅದು ಕೆಲವು ಮಿಲಿಮೀಟರ್ ಒಳಗೆ ಹೋಗಿ, ಬಿಟ್ಟ ಕೂಡಲೇ ಮೇಲೆ ಬರುತ್ತದೆ. ಸಿಕ್ಕಿಕೊಂಡಿದ್ದರೆ ಒಳಗೇ ಕೂತಿರುತ್ತದೆ. ಪಿನ್ನಿನ ಬುಡಕ್ಕೆ ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಬಾಡಿಯ ಪಕ್ಕಕ್ಕೆ ಸ್ಪ್ಯಾನರ್ ಹಿಡಿಯಿಂದ ಮೆತ್ತಗೆ ತಟ್ಟಿ. ಸಾಮಾನ್ಯವಾಗಿ ಟಕ್ ಅಂತ ಮೇಲೇಳುತ್ತದೆ, ನೀರು ಹರಿಯುವ ಸದ್ದು ಕೇಳುತ್ತದೆ. ಆಮೇಲೆ ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟು ಸಡಿಲ ಮಾಡಿ. ಇಕ್ಕಳ ಹಾಕಿ ಪಿನ್ನನ್ನು ಎಳೆಯಲು ಮಾತ್ರ ಹೋಗಬೇಡಿ. ಕೆಲವು ವಾಲ್ವ್‌ಗಳಲ್ಲಿ ಅದು ಕಿತ್ತುಕೊಂಡು ಬಂದು, ಹಿಂದೆಯೇ ಬಿಸಿನೀರು ಚಿಮ್ಮುತ್ತದೆ.

ಪಿನ್ ಚೆನ್ನಾಗಿ ಆಡುತ್ತಿದೆ, ಆದರೂ ತಣ್ಣಗಿದೆ ಅಂದರೆ ಗಾಳಿ, ಗಸಿ ಅಥವಾ ಲಾಕ್‌ಶೀಲ್ಡ್ ಕಡೆ ನೋಡಿ. ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಗಾಳಿ. ವಾಲ್ವ್ ಪೂರ್ತಿ ತೆರೆದಿದ್ದರೂ ಕೆಳಗೆ ನಡುವೆ ತಣ್ಣಗಿದ್ದರೆ ಗಸಿ ಕೂತಿದೆ.

ಇದಕ್ಕೆ ವಿರುದ್ಧವಾದದ್ದು, ಎಷ್ಟು ಇಳಿಸಿದರೂ ರೇಡಿಯೇಟರ್ ಬಿಸಿಯಾಗಿಯೇ ಇರುವುದು. ಹೆಡ್ಡಿನ ಡಬ್ಬಿಯಲ್ಲಿ ತುಂಬಿದ್ದು ಸೋರಿ ಹೋದರೆ ಅದಕ್ಕೆ ಪಿನ್ ಒತ್ತುವ ಶಕ್ತಿ ಇರುವುದಿಲ್ಲ. ಆಗ ಸ್ಪ್ರಿಂಗ್ ವಾಲ್ವನ್ನು ತೆರೆದೇ ಇಡುತ್ತದೆ. ಇದು ಹೆಡ್ಡಿನ ತಪ್ಪೋ ಬಾಡಿಯದೋ ಅಂತ ತಿಳಿಯಲು ಸುಲಭ ದಾರಿ ಇದೆ. ಪಕ್ಕದ ಕೋಣೆಯ ಅದೇ ತಯಾರಿಕೆಯ ಹೆಡ್ಡನ್ನು ಇಲ್ಲಿಗೆ ಹಾಕಿ, ಇಲ್ಲಿನದನ್ನು ಅಲ್ಲಿಗೆ ಹಾಕಿ. ಕಾಯಿಲೆ ಹೆಡ್ ಜೊತೆ ಹೋದರೆ ಹೆಡ್ ಬದಲಿಸಿ. ಇಲ್ಲೇ ಉಳಿದರೆ ಬಿಲ್ಲೆ ಕೂರುವ ಜಾಗದಲ್ಲಿ ಕಸ ಸಿಕ್ಕಿದೆ. ಹೆಡ್ ತೆಗೆದು ಪಿನ್ನನ್ನು ಹಲವು ಸಲ ಒತ್ತಿ ಬಿಟ್ಟರೆ ಹರಿಯುವ ನೀರು ಆ ಕಸವನ್ನು ತೊಳೆದುಕೊಂಡು ಹೋಗುವುದುಂಟು.

ಪಿನ್ನಿನ ಸುತ್ತ ನೀರು ಒಸರುತ್ತಿದ್ದರೆ ಅಲ್ಲಿನ ರಬ್ಬರ್ ಉಂಗುರ ಸವೆದಿದೆ. ಕೆಲವು ತಯಾರಿಕೆಗಳಲ್ಲಿ ನೀರು ಖಾಲಿ ಮಾಡದೆಯೇ ಅದನ್ನು ಬದಲಿಸಬಹುದು, ಆದರೆ ಆ ವಾಲ್ವಿನ ಕೈಪಿಡಿ ಹಾಗೆ ಹೇಳಿದ್ದರೆ ಮಾತ್ರ.

ಬ್ಯಾಟರಿಯ ಹೆಡ್‌ಗಳಲ್ಲಿ ಮೇಣದ ಬದಲು ಸಣ್ಣ ಮೋಟಾರ್ ಪಿನ್ನನ್ನು ಒತ್ತುತ್ತದೆ. ಕೂರಿಸಿದ ಮೇಲೆ ಅದು ಒಮ್ಮೆ ಪೂರ್ತಿ ಒತ್ತಿ ನೋಡಿ ಪಿನ್ನಿನ ಅಳತೆ ಕಲಿತುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಟ್ಟಬೇಡಿ. ಪಿನ್ ಬಿಗಿಯಾಗಿದ್ದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಹಾಗಾಗಿ ಹೊಸ ಹೆಡ್ ಹಾಕುವ ಮುಂಚೆ ಪಿನ್ ಸಡಿಲ ಇದೆಯಾ ನೋಡಿಕೊಳ್ಳಿ.

ಗೋಡೆಗೆ ಬಣ್ಣ ಹೊಡೆಯಲು ರೇಡಿಯೇಟರ್ ಇಳಿಸುವವರಿಗೆ ಒಂದು ಎಚ್ಚರಿಕೆ. ಟಿಆರ್‌ವಿಯನ್ನು ಹಿಮದ ಗುರುತಿಗೆ ಇಳಿಸಿ, ಮುಚ್ಚಿದೆ ಅಂದುಕೊಂಡು ರೇಡಿಯೇಟರ್ ಬಿಚ್ಚಬೇಡಿ. ರಾತ್ರಿ ಕೋಣೆ ತಣ್ಣಗಾದರೆ ಅದು ತಾನಾಗಿಯೇ ತೆರೆಯುತ್ತದೆ. ಅದರ ಕೆಲಸವೇ ಅದು, ಅಲ್ವಾ? ತೆರೆದ ತುದಿಯಿಂದ ನೀರು ನೆಲಕ್ಕೆ ಹರಿಯುತ್ತದೆ. ಹೆಡ್ ತೆಗೆದು, ಪಿನ್ನನ್ನು ತಿರುಪಿನಿಂದ ಒತ್ತಿ ಹಿಡಿಯುವ ಮುಚ್ಚಳ ಹಾಕಬೇಕು. ವಾಲ್ವ್ ಕೊಂಡಾಗ ಬಹಳ ಸಲ ಜೊತೆಗೇ ಬಂದಿರುತ್ತದೆ, ಎಸೆಯಬೇಡಿ. ಅದರ ಮೇಲೆ ವಾಲ್ವಿನ ತೆರೆದ ಬಾಯಿಗೆ ಲೋಹದ ಮುಚ್ಚಳವೊಂದನ್ನು ಬಿಗಿದರೆ ಮಾತ್ರ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಚಳಿಗಾಲ ಮುಗಿದು ಬಾಯ್ಲರ್ ನಿಲ್ಲಿಸಿದ ದಿನ ಎಲ್ಲ ತಿರುಗಣೆಗಳನ್ನೂ 5ಕ್ಕೆ ತಿರುಗಿಸಿ ಬಿಡಿ. ಪಿನ್ ಮೇಲೆದ್ದಿರುತ್ತದೆ, ಬಿಲ್ಲೆ ತನ್ನ ಜಾಗಕ್ಕೆ ಒತ್ತಿ ಅಂಟಿಕೊಳ್ಳುವುದಿಲ್ಲ. ನಡುನಡುವೆ ಕಸ ಗುಡಿಸುವಾಗ ಒಮ್ಮೆ ಆಚೆಗೆ ಈಚೆಗೆ ತಿರುಗಿಸಿ. ಮುಂದಿನ ಚಳಿಗಾಲದ ಮೊದಲ ವಾರ ಹೆಡ್ ಬಿಚ್ಚಿ ಪಿನ್ ಹುಡುಕುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.